ಕರೆಯಂಚಿನಲ್ಲಿ ಲೆನ್ಸಿನ ಪರೀಕ್ಷೆ

ಡಿಸೆಂಬರಿನ ಮಧ್ಯಾಹ್ನ, ಗಂಟೆ ಮೂರೂವರೆ. ಮೂಡುಬಿದಿರೆಯ ಕಡಲಕೆರೆಯ ಕಂಬಳದಲ್ಲಿ ನೀವು ತಡೆಬೇಲಿಗೆ ಒರಗಿ ನಿಂತಿದ್ದೀರಿ. ಎದುರಿಗೆ ಜೋಡುಕರೆ, ಕೋಣಗಳು ಓಡುವ ಎರಡು ಕೆಸರುನೀರಿನ ದಾರಿ: ಒಂದರ ಹೆಸರು ಕೋಟಿ, ಇನ್ನೊಂದರದು ಚೆನ್ನಯ. ಆ ತುದಿಯಲ್ಲಿ ಗಂತು, ಕೋಣಗಳನ್ನು ಬಿಡುವ ಜಾಗ. ಈ ತುದಿಯಲ್ಲಿ ಮಂಜೊಟ್ಟಿ, ಓಟ ಮುಗಿಯುವ ಏರು. ಮೈಕಿನಲ್ಲಿ ತುಳು ವಿವರಣೆ ನಿಲ್ಲದೆ ಹರಿಯುತ್ತಿದೆ. ಯಾವ ಮನೆತನದ ಕೋಣ, ಓಡಿಸುವವರು ಯಾರು ಎಂದು ಹೆಸರು ಹಿಡಿದು ಹೇಳುತ್ತಿದ್ದಾರೆ. ವಾದ್ಯದವರ ಹಿಂದೆ ಒಂದು ಜೋಡಿ ಕರೆಗೆ ಇಳಿಯುತ್ತಿದೆ.

ನಿಮ್ಮ ಹೆಗಲಲ್ಲಿ ಎರಡು ಕ್ಯಾಮೆರಾ. ಫುಲ್‌ಫ್ರೇಮ್ ಬಾಡಿಯಲ್ಲಿ 70-200 ಮಿ.ಮೀ. ಎಫ್ 2.8 ಲೆನ್ಸ್, ಸಣ್ಣ ಸೆನ್ಸರಿನ ಎಪಿಎಸ್-ಸಿ ಬಾಡಿಯಲ್ಲಿ 24-70. ಚೀಲದಲ್ಲಿ ಎರಡು ದಿನದ ಬಾಡಿಗೆಗೆ ತಂದ 300 ಮಿ.ಮೀ. ಎಫ್ 2.8, ಗೆಳೆಯರೊಬ್ಬರ 100-400. ಇವುಗಳಲ್ಲಿ ಯಾವುದಕ್ಕೆ ದುಡ್ಡು ಹಾಕಬೇಕು ಎಂಬುದು ಬೆಳಗಾಗುವುದರೊಳಗೆ ತೀರ್ಮಾನವಾಗಬೇಕು.

ಮಂಜೊಟ್ಟಿಯ ನಟ್ಟನಡುವೆ, ಕೋಣಗಳ ಮುಖಕ್ಕೆ ನೇರವಾಗಿ ನಿಂತರೆ ಒಳ್ಳೆಯ ಚಿತ್ರ ಸಿಗುತ್ತದೆಂದು ಆ ಕಡೆ ಹೆಜ್ಜೆ ಹಾಕುತ್ತೀರಿ. ಬಿಳಿ ಪಂಚೆಯ ಸ್ವಯಂಸೇವಕರೊಬ್ಬರು ಅಡ್ಡ ಬರುತ್ತಾರೆ.

“ಅಲ್ಲಿ ಬೇಡ ಮಾರಾಯ್ರೆ. ಏರು ಹತ್ತಿದ ಮೇಲೂ ಕೋಣ ಕೂಡ್ಲೆ ನಿಲ್ಲುದಿಲ್ಲ. ಬದಿಗೆ ಬನ್ನಿ ನೀವು.”

“ಇಲ್ಲಿ ಸಾಕಾ ಅಣ್ಣ?”

“ಇನ್ನೂ ಸ್ವಲ್ಪ ಆಚೆ. ಹಾಂ, ಅಲ್ಲಿ ನಿಂತ್ಕೊಳ್ಳಿ.”

ಲೆನ್ಸನ್ನು ನಿಮಗಿಂತ ಮೊದಲು ಆರಿಸಿದವರು ಇವರೇ. ಆಟದ ಚಿತ್ರ ತೆಗೆಯುವವರು ನಿಲ್ಲುವ ಜಾಗವನ್ನು ಆಟ ನಡೆಸುವವರು ಗೊತ್ತುಮಾಡುತ್ತಾರೆ, ಆ ಜಾಗ ಫೋಕಲ್ ಲೆಂತ್ ಅನ್ನು ಗೊತ್ತುಮಾಡುತ್ತದೆ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಬೌಂಡರಿ ಹಗ್ಗದ ಆಚೆ ಕುಳಿತವರಿಗೆ ಬ್ಯಾಟ್ಸ್‌ಮನ್‌ನ ಮುಖ ಬೇಕೆಂದರೆ 400, 600 ಮಿ.ಮೀ. ಬೇಕು. ಬ್ಯಾಡ್ಮಿಂಟನ್ ಅಂಗಣದ ಮಗ್ಗುಲಲ್ಲಿ ಕೂತವರಿಗೆ 85 ಅಥವಾ 135 ಸಾಕು. ಇಲ್ಲಿ, ಈ ಬೇಲಿಯ ಪಕ್ಕದಲ್ಲಿ, ನಿಮಗೆ ಬೇಕಾದ್ದೇನು?

ಲೆಕ್ಕ ಸುಲಭ. ಫುಲ್‌ಫ್ರೇಮ್ ಸೆನ್ಸರಿನ ಅಗಲ 36 ಮಿ.ಮೀ. ಅದನ್ನು ಫೋಕಲ್ ಲೆಂತ್‌ನಿಂದ ಭಾಗಿಸಿ ದೂರದಿಂದ ಗುಣಿಸಿದರೆ ಚೌಕಟ್ಟಿನಲ್ಲಿ ಎಷ್ಟು ಅಗಲದ ಜಾಗ ಸಿಗುತ್ತದೆಂದು ತಿಳಿಯುತ್ತದೆ. 200 ಮಿ.ಮೀ.ನಲ್ಲಿ 60 ಮೀಟರ್ ಆಚೆಗೆ ಸುಮಾರು 11 ಮೀಟರ್ ಅಗಲ ಕಾಣುತ್ತದೆ. ಕೋಣಗಳು ಸಣ್ಣವು, ಸುತ್ತ ನೀರು, ಜನ. 20 ಮೀಟರಿಗೆ ಬಂದಾಗ 3.6 ಮೀಟರ್, ಎರಡು ಕೋಣ, ಎರಡೂ ಬದಿಗೆ ಚಿಮ್ಮುವ ಕೆಸರುನೀರು ಸರಿಯಾಗಿ ತುಂಬಿಕೊಳ್ಳುತ್ತವೆ. 300 ಹಾಕಿದರೆ ಅದೇ ಚೌಕಟ್ಟು 30 ಮೀಟರಿನಲ್ಲೇ ತುಂಬುತ್ತದೆ. ಆದರೆ 20 ಮೀಟರಿಗೆ ಬರುವಷ್ಟರಲ್ಲಿ ಕೋಣದ ಕಿವಿ, ಓಡುವವನ ಮೊಣಕೈ ಚೌಕಟ್ಟಿನಾಚೆ ಹೋಗಿರುತ್ತವೆ.

ಗಂತಿನಲ್ಲಿ ಗದ್ದಲ. ಕೋಣಗಳನ್ನು ಹಿಡಿದವರು ಕೈಬಿಡುತ್ತಾರೆ. ನೀರು ಸೀಳುತ್ತದೆ.

2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ಜಗತ್ತೇ ಕರಾವಳಿಯ ಕಡೆ ತಿರುಗಿ ನೋಡಿತು. ಹೋಲಿಕೆಗೆ ಉಸೇನ್ ಬೋಲ್ಟ್ ಹೆಸರೂ ಜೊತೆಗೆ ಬಂತು. ಕ್ಯಾಮೆರಾ ಹಿಡಿದವರಿಗೆ ಆ ಅಂಕಿಯ ಅರ್ಥ ಬೇರೆ. ಸೆಕೆಂಡಿಗೆ ಹತ್ತಿರ ಹತ್ತಿರ ಹತ್ತೂವರೆ ಮೀಟರ್! 60 ಮೀಟರ್ ದೂರದಿಂದ 20 ಮೀಟರಿಗೆ ಬರಲು ನಾಲ್ಕು ಸೆಕೆಂಡೂ ಬೇಡ. ನಿಮ್ಮ ಚಿತ್ರ ಇರುವುದು ಆ ನಾಲ್ಕು ಸೆಕೆಂಡಿನೊಳಗೆ. ಸೆಕೆಂಡಿಗೆ 10 ಚೌಕಟ್ಟು ತೆಗೆಯುವ ಕ್ಯಾಮೆರಾದಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಒಂದು ಮೀಟರ್ ಓಟ ಕಳೆದುಹೋಗುತ್ತದೆ. 20 ತೆಗೆದರೆ ಅರ್ಧ ಮೀಟರ್. ಕೋಣದ ನಾಲ್ಕೂ ಕಾಲು ನೆಲ ಬಿಟ್ಟ ಗಳಿಗೆ ಆ ಅರ್ಧ ಮೀಟರಿನಲ್ಲಿ ಇರಬಹುದು.

ಜೋಡಿ ಹತ್ತಿರಾಗುತ್ತದೆ. 200ರಲ್ಲಿ ಹಿಡಿದದ್ದನ್ನು ಬೆರಳಿನಿಂದ 70ಕ್ಕೆ ಎಳೆಯುತ್ತೀರಿ. ಏರು ಹತ್ತುವಾಗ ಕೋಣ, ಓಟಗಾರ, ಹಿಡಿಯಲು ಕೈಚಾಚಿದ ಜನ ಎಲ್ಲರೂ ಚೌಕಟ್ಟಿನೊಳಗೇ ಇದ್ದಾರೆ. 70-200 ಯಾಕೆ ಆಟದ ಛಾಯಾಗ್ರಾಹಕರ ಕೈಬಿಡದ ಲೆನ್ಸಾಗಿದೆ ಎಂದು ಈಗ ಬೆರಳಿಗೇ ಗೊತ್ತಾಗಿದೆ. ಎರಡು ಬಾಡಿ ಯಾಕೆ ಎಂಬುದೂ ಅಷ್ಟೇ ಸ್ಪಷ್ಟ. ಲೆನ್ಸ್ ಬಿಚ್ಚಿ ಹಾಕುವ ಹೊತ್ತಿನಲ್ಲಿ ಓಟವೇ ಮುಗಿದಿರುತ್ತದೆ, ಹಾರುವ ಕೆಸರು ಸೆನ್ಸರಿನ ಮೇಲೆ ಕೂರುತ್ತದೆ.

ಕನೆಹಲಗೆ ವಿಭಾಗ ಶುರುವಾಗುತ್ತದೆ. ತೂತಿನ ಹಲಗೆಯ ಮೇಲೆ ನಿಂತವನನ್ನು ಕೋಣಗಳು ಎಳೆದೊಯ್ಯುತ್ತವೆ, ತೂತಿನಿಂದ ನೀರು ಕಾರಂಜಿಯಾಗಿ ಮೇಲೇಳುತ್ತದೆ. ಕರೆಗೆ ಅಡ್ಡಲಾಗಿ ಎತ್ತರದಲ್ಲಿ ಕಟ್ಟಿದ ನಿಶಾನೆಗೆ ಅದು ತಾಗಬೇಕು: ಇಲ್ಲಿನ ಅಳತೆಯಲ್ಲಿ ಆರೂವರೆ ಕೋಲು, ಏಳೂವರೆ ಕೋಲು. ಇಲ್ಲಿ ವೇಗಕ್ಕಿಂತ ಎತ್ತರ ಮುಖ್ಯ. ಟೆಲಿ ಲೆನ್ಸಿನಲ್ಲಿ ನೀರಿನ ತುದಿ ಕತ್ತರಿಸಿಹೋಗುತ್ತದೆ. ಎರಡನೆಯ ಬಾಡಿಯನ್ನು ಎತ್ತಿ, ಅಡ್ಡ ಹಿಡಿದದ್ದನ್ನು ಉದ್ದಕ್ಕೆ ತಿರುಗಿಸಿ, 24-70ರಲ್ಲಿ ಕೋಣದ ಕಾಲಿನಿಂದ ನಿಶಾನೆಯವರೆಗೆ ಇಡೀ ನೀರಿನ ಕಂಬವನ್ನು ಹಿಡಿಯುತ್ತೀರಿ. ಓರೆ ಬಿಸಿಲು ನೀರಿನ ಹನಿಗಳ ಮೂಲಕ ಹಾಯುತ್ತಿದೆ. ಐಎಸ್‌ಒ 400, ಶಟರ್ 1/2000. ಈ ಬೆಳಕಿನಲ್ಲಿ ಯಾವ ಲೆನ್ಸಾದರೂ ಒಳ್ಳೆಯದೇ. 100-400 ಹಾಕಿ ನೋಡುತ್ತೀರಿ, ಎಫ್ 5.6ರಲ್ಲಿ ಚಿತ್ರ ಹರಿತವಾಗಿದೆ, ದೂರದ ಗಂತಿನಲ್ಲಿ ಕೋಣದ ಕೊರಳು ತಡವುತ್ತಿರುವ ಯಜಮಾನರ ಕೈವರೆಗೆ ಅದು ತಲುಪುತ್ತದೆ. ಬೆಲೆಯೂ ಕಡಿಮೆ. ಇದೇ ಸಾಕಲ್ಲ ಎಂದು ಅನ್ನಿಸುತ್ತದೆ.

ಸುಮಾರು ಆರೂಕಾಲಿಗೆ ಸೂರ್ಯ ಮುಳುಗುತ್ತಾನೆ. ಗೋಳಿಬಜೆಯ ಎಣ್ಣೆ ವಾಸನೆ ಗಾಳಿಯಲ್ಲಿದೆ. ಕಂಬಗಳ ದೀಪ ಒಂದೊಂದಾಗಿ ಹೊತ್ತಿಕೊಳ್ಳುತ್ತದೆ. ಕಣ್ಣಿಗೆ ಕರೆ ಹಗಲಿನಂತೆ ಕಾಣುತ್ತದೆ, ಕ್ಯಾಮೆರಾದ ಬೆಳಕಿನ ಮೀಟರಿಗೆ ಹಾಗೆ ಕಾಣುವುದಿಲ್ಲ. ಎಫ್ 2.8, ಶಟರ್ 1/1000 ಇಟ್ಟಾಗ ಐಎಸ್‌ಒ 6400 ಕೇಳುತ್ತಿದೆ. 100-400ರ ಎಫ್ 5.6 ಅಂದರೆ ಎರಡು ಸ್ಟಾಪ್ ಕಡಿಮೆ, ಬೆಳಕು ನಾಲ್ಕನೆಯ ಒಂದು ಪಾಲು. ಐಎಸ್‌ಒ 25600ಕ್ಕೆ ಏರಿಸಬೇಕು, ಇಲ್ಲವೇ ಶಟರನ್ನು 1/250ಕ್ಕೆ ಇಳಿಸಬೇಕು. ಇಳಿಸಿದರೆ ಏನಾಗುತ್ತದೆಂದು ಲೆಕ್ಕ ಹಾಕಿ. ಸೆಕೆಂಡಿಗೆ ಹತ್ತೂವರೆ ಮೀಟರ್ ಓಡುವ ದೇಹ 1/250 ಸೆಕೆಂಡಿನಲ್ಲಿ ನಾಲ್ಕು ಸೆಂಟಿಮೀಟರ್ ಸರಿಯುತ್ತದೆ. ಎದುರಿನಿಂದ ಬರುವಾಗ ಅಷ್ಟು ಕಾಣದು. ಪಕ್ಕದಿಂದ ಹಾಯುವಾಗ ಕಣ್ಣು, ಮೂಗುದಾರ, ಬೆರಳು ಎಲ್ಲ ಗೆರೆಯಾಗುತ್ತವೆ. 1/2000ರಲ್ಲಿ ಸರಿಯುವುದು ಅರ್ಧ ಸೆಂಟಿಮೀಟರ್.

70-200 ಅನ್ನು ಎಪಿಎಸ್-ಸಿ ಬಾಡಿಯ ಮೇಲೆ ಹಾಕುತ್ತೀರಿ. ಸಣ್ಣ ಸೆನ್ಸರಿನಿಂದಾಗಿ 200 ಮಿ.ಮೀ. 300ರಷ್ಟು ಹತ್ತಿರ ಕಾಣುತ್ತದೆ. ಹಗಲಿನಲ್ಲಿ ಇದು ದುಡ್ಡಿಲ್ಲದೆ ಬಂದ ಲಾಭ. ಆದರೆ ಫುಲ್‌ಫ್ರೇಮ್ ಸೆನ್ಸರಿನ ವಿಸ್ತೀರ್ಣ ಇದರ ಎರಡು ಪಟ್ಟಿಗೂ ಹೆಚ್ಚು. ಅಷ್ಟು ಹೆಚ್ಚು ಬೆಳಕು ಅದಕ್ಕೆ ಬೀಳುತ್ತದೆ, ಆದ್ದರಿಂದ ರಾತ್ರಿ ಹೊತ್ತು ಕೋಣದ ಕಪ್ಪು ಮೈಯಲ್ಲಿ ಕಾಳುಕಾಳಾದ ನಾಯ್ಸ್ ಕಡಿಮೆ. ಟೆಲಿಕನ್ವರ್ಟರ್ ನೆಚ್ಚಿಕೊಳ್ಳುವವರೂ ಈ ಲೆಕ್ಕ ಮರೆಯಬಾರದು. 1.4 ಪಟ್ಟಿನದು ಒಂದು ಸ್ಟಾಪ್ ಬೆಳಕು ತಿನ್ನುತ್ತದೆ, 2 ಪಟ್ಟಿನದು ಎರಡು ಸ್ಟಾಪ್.

ಫ್ಲಾಶ್ ಮಾತ್ರ ಬೇಡ. ಓಡಿ ಬರುವ ಪ್ರಾಣಿಯ ಕಣ್ಣಿಗೆ ಬೆಳಕು ಹೊಡೆಯುವುದು ತಪ್ಪು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಕಂಬಳಕ್ಕೆ ಅವಕಾಶ ಕೊಡುವ ಕರ್ನಾಟಕದ ತಿದ್ದುಪಡಿ ಕಾಯ್ದೆಯನ್ನು ಎತ್ತಿಹಿಡಿದ ಮೇಲೆ ಕಂಬಳ ನಡೆಯುತ್ತಿರುವುದು ನಿಯಮಗಳ ಒಳಗೆ. ಕೋಣವನ್ನು ಬೆದರಿಸದೆ ಚಿತ್ರ ತೆಗೆಯುವ ಹೊಣೆ ಬೇಲಿಯ ಈಚೆ ನಿಂತವರದ್ದೂ ಹೌದು. ಬೆಳಕನ್ನು ಲೆನ್ಸಿನಿಂದಲೇ ಸಂಪಾದಿಸಬೇಕು.

ರಾತ್ರಿ ಹತ್ತು. ಹಗ್ಗ ವಿಭಾಗದ ಓಟ. ತೆಗೆದ ಚಿತ್ರಗಳನ್ನು ಹಿಂದಿನ ಪರದೆಯಲ್ಲಿ ನೋಡುತ್ತೀರಿ. ಒಂದು ಬೆಳಗಿದೆ, ಮುಂದಿನದು ಮಸುಕು, ಅದರ ಮುಂದಿನದಕ್ಕೆ ಹಳದಿ ಬಣ್ಣ. ನೀವು ಏನನ್ನೂ ಬದಲಿಸಿಲ್ಲ. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್, ಆದ್ದರಿಂದ ಹಳೆಯ ಬಗೆಯ ದೀಪ ಸೆಕೆಂಡಿಗೆ ನೂರು ಸಲ ಏರಿಳಿಯುತ್ತದೆ. 1/1000ರ ಶಟರ್ ಆ ಏರಿನಲ್ಲೂ ಬೀಳಬಹುದು, ಇಳಿಜಾರಿನಲ್ಲೂ ಬೀಳಬಹುದು. ಮೆನುವಿನಲ್ಲಿ ಆಂಟಿ-ಫ್ಲಿಕರ್ ಆನ್ ಮಾಡಿದ ಮೇಲೆ ಕ್ಯಾಮೆರಾ ಬೆಳಕಿನ ತುದಿಗಾಗಿ ಒಂದಿಷ್ಟು ಕಾದು ಕ್ಲಿಕ್ಕಿಸುತ್ತದೆ, ಚಿತ್ರಗಳು ಸಮನಾಗುತ್ತವೆ. ಕ್ಯಾನನ್ ಈ ಅನುಕೂಲವನ್ನು 2014ರ 7ಡಿ ಮಾರ್ಕ್ 2ರಲ್ಲಿ ತಂದಿತ್ತು. ಹಳೆಯ ಬಾಡಿ ಕೊಳ್ಳುವವರು ಮೆಗಾಪಿಕ್ಸೆಲ್ ಕೇಳುವ ಮೊದಲು ಇದು ಇದೆಯೇ ಎಂದು ಕೇಳಬೇಕು.

ಎಲೆಕ್ಟ್ರಾನಿಕ್ ಶಟರಿನಲ್ಲಿ ಇನ್ನೊಂದು ತೊಂದರೆ. ಸೆನ್ಸರು ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಒಂದೊಂದಾಗಿ ಓದುತ್ತದೆ. ಆ ಓದು 1/30 ಸೆಕೆಂಡ್ ತೆಗೆದುಕೊಂಡರೆ, ಅಷ್ಟರಲ್ಲಿ ಕೋಣ 35 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ತಲೆ ಒಂದು ಗಳಿಗೆಯದು, ಕಾಲು ಇನ್ನೊಂದು ಗಳಿಗೆಯದು. ದೇಹ ವಾಲಿದಂತೆ ಕಾಣುತ್ತದೆ. ದುಬಾರಿ ಬಾಡಿಗಳ ದುಡ್ಡು ಹೋಗುವುದು ಇದನ್ನು ಸರಿಪಡಿಸುವುದಕ್ಕೆ. 2017ರ ಸೋನಿ ಎ9 ವೇಗವಾಗಿ ಓದುವ ಸ್ಟ್ಯಾಕ್ಡ್ ಸೆನ್ಸರನ್ನು ಫುಲ್‌ಫ್ರೇಮ್‌ಗೆ ತಂದಿತು. 2021ರ ನಿಕಾನ್ ಝಡ್9 ಯಾಂತ್ರಿಕ ಶಟರನ್ನೇ ಕೈಬಿಟ್ಟಿತು. 2023ರಲ್ಲಿ ಪ್ರಕಟವಾದ ಸೋನಿ ಎ9-3 ಇಡೀ ಸೆನ್ಸರನ್ನು ಒಟ್ಟಿಗೆ ಓದುತ್ತದೆ, ಸೆಕೆಂಡಿಗೆ 120 ಚಿತ್ರ ತೆಗೆಯುತ್ತದೆ. ಅಷ್ಟು ದುಡ್ಡಿಲ್ಲದವರಿಗೆ ದಾರಿ ಮುಚ್ಚಿಲ್ಲ. ಯಾಂತ್ರಿಕ ಶಟರಿಗೆ ಬದಲಿಸಿಕೊಳ್ಳಿ. ವೇಗ ತುಸು ಇಳಿಯುತ್ತದೆ, ಕೋಣ ನೆಟ್ಟಗಾಗುತ್ತದೆ.

ನಡುರಾತ್ರಿ. ನೇಗಿಲು ವಿಭಾಗದ ಜೋಡಿಗಳು ಬರುತ್ತಿವೆ. 300 ಎಫ್ 2.8 ಹಾಕಿದ್ದೀರಿ, ಮೋನೊಪಾಡ್ ನೆಲಕ್ಕೂರಿದೆ. ಕ್ಯಾಮೆರಾ ಕೋಣದ ಕಣ್ಣು ಗುರುತಿಸಿ ಚೌಕ ಬಿಡಿಸುತ್ತದೆ, ಚೌಕ ಕೋಣದೊಂದಿಗೇ ಓಡಿ ಬರುತ್ತದೆ. ಒಮ್ಮೆಲೇ ನೀರಿನ ಗೋಡೆ ಎದ್ದು ಚೌಕ ಆ ನೀರಿಗೆ ಹಾರುತ್ತದೆ. ಟ್ರ್ಯಾಕಿಂಗ್ ಸಂವೇದನೆಯನ್ನು ಕಡಿಮೆ ಮಾಡುತ್ತೀರಿ, ನಡುವೆ ಏನಾದರೂ ಅಡ್ಡ ಬಂದರೆ ತಾಳಿಕೋ ಎಂದು ಕ್ಯಾಮೆರಾಕ್ಕೆ ಹೇಳಿದಂತೆ. ಮುಂದಿನ ಜೋಡಿಗೆ ಚೌಕ ಕೈಕೊಡುವುದಿಲ್ಲ.

ಚಿತ್ರ ದೊಡ್ಡದು ಮಾಡಿ ನೋಡಿದಾಗ ಹೊಸ ಪ್ರಶ್ನೆ. ಕೋಣದ ಕಣ್ಣು ಸೂಜಿಮೊನೆಯಷ್ಟು ಹರಿತ, ಹಿಂದೆ ಓಡುತ್ತಿರುವವನ ಮುಖ ಮಸುಕು. 300 ಮಿ.ಮೀ., ಎಫ್ 2.8, 30 ಮೀಟರ್ ದೂರ: ಈ ಮೂರೂ ಸೇರಿದಾಗ ಹರಿತವಾಗಿ ಕಾಣುವ ಆಳ ಒಂದೂಮುಕ್ಕಾಲು ಮೀಟರಿನೊಳಗೆ. ಓಟಗಾರ ಕೋಣದ ಮೂಗಿನಿಂದ ಅದಕ್ಕೂ ಹಿಂದೆ ಇದ್ದಾನೆ. ಎಫ್ 4ಕ್ಕೆ ಹೋದರೂ ಎರಡೂವರೆ ಮೀಟರಿಗೆ ಹತ್ತಿರ, ಅಷ್ಟೆ. ಹಾಗಾಗಿ ಯಾರ ಮುಖ ಬೇಕೆಂದು ನೀವೇ ತೀರ್ಮಾನಿಸಬೇಕು. ಪ್ರಾಣಿಯ ಬದಲು ಮನುಷ್ಯನನ್ನು ಗುರುತಿಸುವಂತೆ ಬದಲಿಸಿ ಕಾಯುತ್ತೀರಿ. ಮುಂದಿನ ಓಟದಲ್ಲಿ ಕೋಣಗಳ ಎರಡು ತಲೆಗಳ ನಡುವೆ ಒಬ್ಬ ಯುವಕನ ಬಿಗಿದ ದವಡೆ, ಕೆಸರು ಮೆತ್ತಿದ ಹುಬ್ಬು, ತೆರೆದ ಬಾಯಿ ಬಂದು ಕೂರುತ್ತದೆ. ಎಷ್ಟೋ ತಿಂಗಳ ಆರೈಕೆ, ಗೇಯ್ಮೆ ಆ ಮುಖದಲ್ಲಿದೆ. ಅದನ್ನು ಕಂಡಾಗ ಕ್ಯಾಮೆರಾದ ಬಗ್ಗೆ ಯೋಚಿಸುವುದನ್ನೇ ಬಿಟ್ಟಿರುತ್ತೀರಿ.

ಬೆಳಗಿನ ಜಾವ ಇಬ್ಬನಿ ಇಳಿಯುತ್ತದೆ. ಲೆನ್ಸಿನ ಲೋಹ ತಣ್ಣಗಾಗಿ ಮುಂದಿನ ಗಾಜಿನ ಮೇಲೆ ಹಬೆ ಕಟ್ಟುತ್ತಿದೆ. ಹತ್ತಿಬಟ್ಟೆಯಲ್ಲಿ ಒತ್ತಿ ತೆಗೆಯುತ್ತೀರಿ. ಒಟ್ಟು ಲೆಕ್ಕ ಹಾಕುವ ಹೊತ್ತು. ರಾತ್ರಿಯ ಒಳ್ಳೆಯ ಚಿತ್ರಗಳಲ್ಲಿ ಬಹುಪಾಲು 70-200 ಎಫ್ 2.8ರವು. 300 ಕೊಟ್ಟದ್ದು ಕೆಲವು, ಆದರೆ ಬೇರೆ ಯಾವುದೂ ಕೊಡಲಾರದ ಮುಖಗಳು. 100-400 ಸೂರ್ಯ ಮುಳುಗಿದ ಮೇಲೆ ಚೀಲದಿಂದ ಹೊರಬಂದಿಲ್ಲ. ಬಾಡಿಗಳ ನಡುವಿನ ವ್ಯತ್ಯಾಸ ಕಂಡಿತು, ಆದರೆ ಲೆನ್ಸಿನ ವ್ಯತ್ಯಾಸದಷ್ಟು ಅಲ್ಲ.

ಆದ್ದರಿಂದ ಹೊಸದಾಗಿ ಶುರುಮಾಡುವವರಿಗೆ ನನ್ನ ಮಾತು ಇದು. ದುಡ್ಡಿನ ಮೊದಲ ಪಾಲು 70-200 ಎಫ್ 2.8ಕ್ಕೆ ಇಡಿ, ಹಳೆಯದಾದರೂ ಸರಿ, ಒಳಗೆ ಫಂಗಸ್ ಇಲ್ಲವೆಂದು ಟಾರ್ಚ್ ಬಿಟ್ಟು ನೋಡಿ ಕೊಳ್ಳಿ. ಕರಾವಳಿಯ ಮಳೆಗಾಲದಲ್ಲಿ ಅದನ್ನು ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಉಳಿದ ದುಡ್ಡಿಗೆ ಬರುವ ಬಾಡಿ ಸಾಕು. 2016ರ ನಿಕಾನ್ ಡಿ500ರಂಥ ಹಳೆಯ ಕ್ಯಾಮೆರಾ ಕೂಡ ಸೆಕೆಂಡಿಗೆ 10 ಚಿತ್ರ ತೆಗೆಯುತ್ತದೆ. ಮೂರು ಕಿಲೋ ಹತ್ತಿರ ತೂಗುವ, ಹತ್ತು ಲಕ್ಷ ರೂಪಾಯಿ ದಾಟುವ 400 ಎಫ್ 2.8 ಬೇಕಾದ ದಿನ ಬಾಡಿಗೆಗೆ ತನ್ನಿ. ಮತ್ತೆ, ಕೊಳ್ಳುವ ಮೊದಲು ಒಂದು ಸಲ ನಿಮ್ಮೂರಿನ ಆಟಕ್ಕೆ ಹೋಗಿ, ನಿಮಗೆ ನಿಲ್ಲಲು ಬಿಡುವ ಜಾಗದಲ್ಲಿ ನಿಂತು, ದೂರ ಅಳೆದು, ರಾತ್ರಿಯ ಬೆಳಕನ್ನು ಮೀಟರಿನಲ್ಲಿ ನೋಡಿ ಬರೆದುಕೊಳ್ಳಿ. ಆ ಎರಡು ಅಂಕಿ ಕೈಯಲ್ಲಿದ್ದವರು ಅಂಗಡಿಯಲ್ಲಿ ಮೋಸಹೋಗುವುದಿಲ್ಲ.