ಫೋಲ್ಡರ್‌ಗೂ ಒಂದು ಒಳ್ಳೆ ಹೆಸರಿಡಿ

ಮಗುವಿಗೆ ಹೆಸರಿಡುವಾಗ ನಾಲ್ಕು ಜನರನ್ನು ಕೇಳ್ತೀವಿ. ಅದೇ ಮಗುವಿನ ಸಾವಿರ ಫೋಟೊ ತುಂಬುವ ಫೋಲ್ಡರ್‌ಗೆ ಮಾತ್ರ ‘ನ್ಯೂ ಫೋಲ್ಡರ್ 2’ ಅಂತ ಬಿಟ್ಟುಬಿಡ್ತೀವಿ. ಬ್ಯಾಕಪ್ ಮಾಡುವ ದಿನ ಬರುವವರೆಗೆ ಇದರ ತೊಂದರೆ ಗೊತ್ತಾಗುವುದಿಲ್ಲ.

ದೇವದುರ್ಗದಲ್ಲಿರುವ ನಮ್ಮಣ್ಣನಿಗೆ ಆ ದಿನ ಬಂತು. ಉಬುಂಟು ಇದ್ದ ಹಳೆ ಲ್ಯಾಪ್‌ಟಾಪ್ ಮಾರಿ ಹೊಸದು ತಗೋಬೇಕಿತ್ತು. ಎಲ್ಲವನ್ನೂ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿಕೊಂಡು ರಾಯಚೂರಿಗೆ ನನ್ನ ಹತ್ತಿರ ಬಂದ. ‘ಎಲ್ಲಾ ಬಂದೈತಿ, ಇನ್ನ ಫಾರ್ಮ್ಯಾಟ್ ಹೊಡದ್ ಕೊಡು’ ಅಂದ. ಅಳಿಸುವ ಮುಂಚೆ ಎರಡೂ ಕಡೆ ಫೈಲ್‌ಗಳ ಸಂಖ್ಯೆ ನೋಡಿದೆ. ಹಾರ್ಡ್ ಡಿಸ್ಕ್‌ನಲ್ಲಿ 312 ಫೈಲ್ ಕಡಿಮೆ ಇದ್ದವು. ಬಾರದೆ ಉಳಿದ ಫೋಲ್ಡರ್‌ಗಳಲ್ಲಿ ಒಂದರ ಹೆಸರು ‘ಅಪ್ಪ: ಮಾನ್ವಿ ಹೊಲ’. ಅಪ್ಪ ತೀರಿಕೊಳ್ಳುವ ಹಿಂದಿನ ವರ್ಷ ತೆಗೆದ ಫೋಟೊಗಳು ಅವು. ಬೇರೆ ಎಲ್ಲೂ ಇರಲಿಲ್ಲ.

ಕಾರಣ, ಹೆಸರಿನ ನಡುವಿನ ಆ ಎರಡು ಚುಕ್ಕಿ. ಕೋಲನ್, ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ ಚಿಹ್ನೆ ಇವನ್ನೆಲ್ಲ ಉಬುಂಟು ಹೆಸರಿನಲ್ಲಿ ಒಪ್ಪುತ್ತದೆ, ವಿಂಡೋಸ್ ಒಪ್ಪುವುದಿಲ್ಲ. ಅಣ್ಣನ ಹಾರ್ಡ್ ಡಿಸ್ಕ್‌ನ ಎಕ್ಸ್‌ಫ್ಯಾಟ್ ಫಾರ್ಮ್ಯಾಟ್ ಕೂಡ ಒಪ್ಪುವುದಿಲ್ಲ. ಎಚ್ಚರಿಕೆ ಬಂದಾಗ ಅಣ್ಣ ‘ಸ್ಕಿಪ್’ ಒತ್ತಿ ಮುಂದೆ ಹೋಗಿದ್ದ. ಕೋಲನ್ ತೆಗೆದು ಮತ್ತೆ ಕಾಪಿ ಮಾಡಿದ್ವಿ, ಎಲ್ಲ ಫೋಟೊ ಬಂದವು.

ಇನ್ನೊಂದು ತೊಡಕು ಉದ್ದದ್ದು. ಬ್ಯಾಕಪ್ ಒಳಗೆ ಹಳೇ ಬ್ಯಾಕಪ್, ಅದರೊಳಗೆ ಮತ್ತೊಂದು ಅಂತ ಇಟ್ಟರೆ ವಿಂಡೋಸ್‌ನಲ್ಲಿ ಕಾಪಿ ನಿಂತುಬಿಡಬಹುದು. ಡ್ರೈವ್‌ನಿಂದ ಫೈಲ್‌ವರೆಗಿನ ಪೂರ್ತಿ ದಾರಿಗೆ ಅಲ್ಲಿ ಸಾಮಾನ್ಯವಾಗಿ 260 ಅಕ್ಷರಗಳ ಮಿತಿ. ಕನ್ನಡದ ಹೆಸರಾದರೆ ಲೆಕ್ಕ ಇನ್ನೂ ಬೇಗ ತುಂಬುತ್ತದೆ. ‘ದೇವದುರ್ಗ’ ನಮಗೆ ನಾಲ್ಕೇ ಅಕ್ಷರ. ಸ್ವರಚಿಹ್ನೆ, ಒತ್ತು ಬಿಡಿಸಿ ಎಣಿಸುವ ಯೂನಿಕೋಡ್‌ಗೆ ಎಂಟು. ಕನ್ನಡದಲ್ಲೇ ಬರೆಯಿರಿ, ಚಿಕ್ಕದಾಗಿ ಬರೆಯಿರಿ.

ಕಾಪಿ ಆದರೂ ಹುಡುಕಿದಾಗ ಸಿಗಬೇಕಲ್ಲ? 2014ರ ನವೆಂಬರ್ 1ರಿಂದ ಗುಲ್ಬರ್ಗ ಕಲಬುರಗಿ ಆಯ್ತು, ಬಳ್ಳಾರಿಯ ಇಂಗ್ಲಿಷ್ ಸ್ಪೆಲಿಂಗೂ ಬದಲಾಯ್ತು. ಹಳೇ ಹೆಸರಿನ ಫೋಲ್ಡರ್ ಹೊಸ ಹೆಸರಿಗೆ ಓಗೊಡುವುದಿಲ್ಲ. ನಮ್ಮ ಭಾಗದವರಿಗೆ 371(ಜೆ) ಪ್ರಮಾಣಪತ್ರ, ಪಹಣಿ ಯಾವಾಗ ಬೇಕಾಗುತ್ತೋ ಹೇಳೋಕಾಗಲ್ಲ. ಮನೆಯವರೆಲ್ಲ ಒಂದೇ ಸ್ಪೆಲಿಂಗ್ ಇಟ್ಟುಕೊಳ್ಳಿ. ದಿನಾಂಕವನ್ನು ವರ್ಷದಿಂದ ಶುರು ಮಾಡಿ: 2019-04-10 ಹೀಗೆ. ಆಗ ಫೋಲ್ಡರ್‌ಗಳು ತಾವೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ದಿನದಿಂದ ಶುರು ಮಾಡಿದರೆ 01-12-2018 ಬಂದು 05-03-2012ರ ಮುಂದೆ ಕೂರುತ್ತದೆ.

‘ಹೆಸರಿನ್ಯಾಗ ಏನೈತಿ, ಒಳಗ ಫೋಟೊ ಇದ್ರ ಸಾಕಲ್ಲ’ ಅನ್ನುವವರು ಎಲ್ಲ ಮನೆಯಲ್ಲೂ ಇರ್ತಾರೆ. ಅವರ ಜೊತೆ ವಾದ ಬೇಡ. ಹಳೆಯದನ್ನು ಅಳಿಸುವ ಮುಂಚೆ ಎರಡೂ ಕಡೆ ಫೈಲ್ ಎಣಿಸಿ, ನಾಲ್ಕಾರು ಫೋಟೊ ತೆರೆದು ನೋಡಿ. ಲೆಕ್ಕ ಕೂಡಿದ ಮೇಲೆ ಡಿಲೀಟ್ ಒತ್ತಿ.