ಮೇಲಿನಿಂದ ಕಂಡ ಪೊಸಡಿಗುಂಪೆ

ಧರ್ಮತ್ತಡ್ಕದ ಬಳಿಯ ಪೊಸಡಿಗುಂಪೆಯು ಸಮುದ್ರಮಟ್ಟದಿಂದ ಸುಮಾರು 1060 ಅಡಿ ಎತ್ತರದಲ್ಲಿದೆ. ಆಕಾಶ ತಿಳಿಯಾಗಿರುವ ದಿನ ಅದರ ನೆತ್ತಿಯಲ್ಲಿ ನಿಂತರೆ ಪಡುವಣಕ್ಕೆ ಅರಬ್ಬಿ ಸಮುದ್ರವೂ ಮೂಡಣಕ್ಕೆ ಘಟ್ಟದ ಸಾಲೂ ಕಾಣುತ್ತವೆ. ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಮಕ್ಕಳೊಡನೆ ಅಲ್ಲಿಗೆ ಹೊರಡುವ ಮುನ್ನ, ಮನೆಯಲ್ಲಿಯೇ ಕುಳಿತು ಆ ಗುಡ್ಡವನ್ನು ಮೂರು ಅಂತರ್ಜಾಲ ನಕ್ಷೆಗಳಲ್ಲಿ ನೋಡಿದೆವು.

ಮೊದಲನೆಯದು ಗೂಗಲ್ ಮ್ಯಾಪ್ಸ್. ಅದರ ಉಪಗ್ರಹ ಚಿತ್ರದಲ್ಲಿ ಮನೆಗಳ ಮಾಡು, ಅಡಿಕೆ ತೋಟದ ದಟ್ಟ ಹಸುರು, ಕೆಂಪುಕಲ್ಲಿನ ಕೋರೆಗಳು ಬಿಡಿಬಿಡಿಯಾಗಿ ತೋರುತ್ತವೆ. ಎರಡನೆಯದು ಇಸ್ರೋ ಸಂಸ್ಥೆಯು 2009ರಲ್ಲಿ ಆರಂಭಿಸಿದ ಭುವನ್. ಭೂಬಳಕೆ, ಬಂಜರು ಭೂಮಿ ಮುಂತಾದವುಗಳನ್ನು ಬೇರೆಬೇರೆ ಪದರಗಳಾಗಿ ತೋರಿಸುವುದು ಅದರ ಹೆಚ್ಚುಗಾರಿಕೆ. ಮೂರನೆಯದು 2004ರಲ್ಲಿ ಹುಟ್ಟಿದ ಓಪನ್‌ಸ್ಟ್ರೀಟ್‌ಮ್ಯಾಪ್. ಅದಕ್ಕೆ ಸ್ವಂತ ಚಿತ್ರಗಳಿಲ್ಲ. ಅನುಮತಿಯಿರುವ ಚಿತ್ರಗಳ ಮೇಲೆ ಗೆರೆಯೆಳೆದು, ನಡೆದು ನೋಡಿ, ಸ್ವಯಂಸೇವಕರೇ ಅದನ್ನು ಬೆಳೆಸುತ್ತಾರೆ.

ಚಿತ್ರದಲ್ಲಿ ಗುಡ್ಡವು ಕಂದುಕೆಂಪಾಗಿತ್ತು. ನಾವು ಏರಿದಾಗ ಮೊಣಕಾಲೆತ್ತರದ ಹಸುರು ಹುಲ್ಲು ತೂಗುತ್ತಿತ್ತು. "ಅಪ್ಪಾ, ಇದು ಅದೇ ಗುಡ್ಡೆಯಾ?" ಎಂದು ಮಗಳು ಕೇಳಿದಳು. ಮಳೆಗಾಲದಲ್ಲಿ ಮೋಡವು ನೆಲವನ್ನು ಮರೆಮಾಡುವುದರಿಂದ ನಮ್ಮ ಕರಾವಳಿಯ ಚಿತ್ರಗಳು ಬಹುಪಾಲು ಒಣ ತಿಂಗಳುಗಳವು. ಬೇರೆಬೇರೆ ದಿನಗಳ ಚಿತ್ರಗಳನ್ನು ಜೋಡಿಸಿರುವುದೂ ಉಂಟು. ಮೇಲಿನಿಂದ ನೋಡಿದ್ದರಿಂದ ಏರು ತಿಳಿದಿರಲಿಲ್ಲ; ಬೆರಳಿನಷ್ಟು ಕಂಡ ದಾರಿ ನಮ್ಮನ್ನು ಏದುಸಿರು ಬಿಡಿಸಿತು.

ಇಳಿಯುವಾಗ ತೋಟವೊಂದರ ಯಜಮಾನರು ಕರೆದು ನೀರು ಕೊಟ್ಟರು. ಅದು ಸುರಂಗದ ನೀರು. ಮುರಕಲ್ಲಿನ ಗುಡ್ಡವನ್ನು ಒಬ್ಬ ಮನುಷ್ಯ ನುಗ್ಗುವಷ್ಟು ಅಗಲಕ್ಕೆ ಅಡ್ಡಲಾಗಿ ಕೊರೆದು, ಒಸರುವ ನೀರನ್ನು ಪಂಪಿನ ಹಂಗಿಲ್ಲದೆ ತೋಟಕ್ಕೆ ಹರಿಸುವ ಈ ವಿದ್ಯೆ ನಮ್ಮ ಸೀಮೆಯ ಹೆಮ್ಮೆ. ನಕ್ಷೆಯ ಮಾತೆತ್ತಿದಾಗ ಅವರು ನಕ್ಕರು: "ಮೇಲಿನಿಂದ ನೋಡಿದ್ರೆ ಎಂತ ಕಾಣ್ತದೆ ವಕೀಲ್ರೇ? ನೀರು ಒಳಗೆ ಉಂಟಲ್ಲ."

ಈ ಮಾತು ನನ್ನ ವೃತ್ತಿಗೂ ಸಲ್ಲುತ್ತದೆ. ಮೊಬೈಲಿನ ಚಿತ್ರವನ್ನು ಹಿಡಿದು "ಇದೇ ನನ್ನ ಗಡಿ" ಎನ್ನುವವರು ಈಚೆಗೆ ಹೆಚ್ಚಿದ್ದಾರೆ. ಆದರೆ ಚಿತ್ರವು ಕೆಲವು ಮೀಟರುಗಳಷ್ಟು ಸರಿದಿರಬಹುದು. ನೆರೆಯವರ ನಡುವೆ ಅಷ್ಟೇ ಜಾಗಕ್ಕೆ ವ್ಯಾಜ್ಯವಿರುತ್ತದೆ. ಗಡಿಯನ್ನು ತಿಳಿಸುವುದು ದಸ್ತಾವೇಜಿನ ಚಕ್ಕುಬಂದಿ ಮತ್ತು ಸರ್ವೆ ಅಳತೆ. ಸಂದೇಹವಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೆಯ ಆದೇಶದ 9ನೆಯ ನಿಯಮದಂತೆ ನ್ಯಾಯಾಲಯವು ಕಮಿಷನರನ್ನು ಸ್ಥಳಕ್ಕೇ ಕಳುಹಿಸಬಹುದು.

1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆದುದರಿಂದ ನಮ್ಮ ಹಳೆಯ ದಸ್ತಾವೇಜುಗಳ ನುಡಿ ಕನ್ನಡ. ಅವುಗಳಲ್ಲಿ ತೋಡು, ಕಟ್ಟಪುಣಿ, ಬೈಲು, ಪದವು, ಅಡ್ಕ ಎಂಬ ಮಾತುಗಳು ಬರುತ್ತವೆ. ಬೈಲೆಂದರೆ ತಗ್ಗಿನ ಗದ್ದೆ, ಪದವೆಂದರೆ ಮುರಕಲ್ಲಿನ ಬಯಲು. ಊರ ಹೆಸರೇ ನೆಲದ ವಿವರಣೆ. ಈ ಹೆಸರುಗಳು ಇಂಗ್ಲಿಷಿನ ಕಾಗುಣಿತಕ್ಕೆ ಹೋಗಿ ಮತ್ತೊಂದು ನುಡಿಯ ಮೂಲಕ ಮರಳುವಾಗ ಗುರುತೇ ಸಿಗದಂತಾಗುತ್ತವೆ. ಕಾಞಂಗಾಡನ್ನು ಕೇಂದ್ರವಾಗುಳ್ಳ ನಮ್ಮ ಹೊಸದುರ್ಗವನ್ನು ಕನ್ನಡದಲ್ಲಿ ಹುಡುಕಿದಾಗ ನನಗೆ ಮೊದಲು ಸಿಕ್ಕಿದ್ದು ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ.

ಚಿತ್ರದ ಸ್ಪಷ್ಟತೆಯಲ್ಲಿ ಗೂಗಲ್ ಮುಂದಿದೆ. ಆದರೆ ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಪ್ರತಿಯೊಂದು ಸ್ಥಳಕ್ಕೂ ಕನ್ನಡ ಹೆಸರನ್ನು ಪ್ರತ್ಯೇಕವಾಗಿ ಬರೆಯಲು ಅವಕಾಶವಿದೆ. ಖಾತೆ ತೆರೆದ ಯಾರೂ ಬರೆಯಬಹುದು. ಕನ್ನಡ ಶಾಲೆಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ರಜೆಯ ಕೆಲಸವಿಲ್ಲ. ಊಹಿಸಿ ಬರೆಯಬಾರದು, ಹಿರಿಯರನ್ನು ಕೇಳಿ, ಹಳೆಯ ಪತ್ರವಿದ್ದರೆ ನೋಡಿ ಬರೆಯಬೇಕು.

ಅಂದು ಸಂಜೆ ಮಗಳು ನಮ್ಮ ಮನೆಯ ಹಿಂದಿನ ತೋಡಿಗೆ ಹೆಸರೇನೆಂದು ಅಜ್ಜಿಯನ್ನು ಕೇಳಿದಳು. ನಲವತ್ತು ದಾಟಿದ ನನಗೂ ಅದು ಅಂದೇ ತಿಳಿದದ್ದು.