ಹನಿ ಬೀಳ್ಕ್

ಒಳಗೆ ಇಂಜಿನ್ ಕೂರಿಸಿದ ಹಳೆಯ ಹಾಯಿದೋಣಿಗಳ ತಳದಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ, ಬೇಕೆಂದೇ ಕೊರೆದ ಒಂದು ತೂತು ಇರುತ್ತದೆ. ಇಂಜಿನ್ ಒಳಗೆ, ಪ್ರೊಪೆಲ್ಲರ್ ಹೊರಗೆ. ಎರಡನ್ನೂ ಜೋಡಿಸುವ ಶಾಫ್ಟ್ ಆ ತೂತಿನಲ್ಲೇ ಹಾದುಹೋಗಬೇಕು. ಶಾಫ್ಟ್ ತಿರುಗುತ್ತಲೇ ಇರಬೇಕು, ನೀರು ಮಾತ್ರ ಒಳಗೆ ಬರಬಾರದು. ಆ ಕೆಲಸಕ್ಕಿರುವುದೇ ಸೀಲ್. ರಾತ್ರಿ ದೋಣಿಯಲ್ಲಿ ಮಲಗುವವನಿಗೂ ಸಮುದ್ರಕ್ಕೂ ನಡುವೆ ಇರುವುದು ಮುಷ್ಟಿಗಾತ್ರದ ಒಂದು ರಬ್ಬರ್ ತುಂಡು.

ಹಾಗೆ ಮಲಗುತ್ತಿದ್ದವನು ನನ್ನ ಗೆಳೆಯ. ಚಿಲಿ ದೇಶದವನು. ಸೌತಾಂಪ್ಟನ್ನಿನಲ್ಲಿ ನಮ್ಮಿಬ್ಬರದೂ ಒಂದೇ ಲ್ಯಾಬ್, ಅಳಿವೆಯ ಕೆಸರಿನ ಮೇಲೆ ಸಂಶೋಧನೆ. ಎರಡನೇ ವರ್ಷದಲ್ಲಿ ಇದ್ದಬದ್ದ ದುಡ್ಡೆಲ್ಲ ಸುರಿದು 28 ಅಡಿಯ ಹಳೇ ದೋಣಿಯೊಂದನ್ನು ಕೊಂಡಿದ್ದ. ಕಳೆದ ಚಳಿಗಾಲದಲ್ಲಿ ಪಿಎಚ್‌ಡಿ ಮುಗಿಯಿತು, ಕೆಲಸ ಸಿಗಲಿಲ್ಲ, ವೀಸಾ ಜುಲೈ ಕೊನೆಯವರೆಗೆ ಮಾತ್ರ. ದೋಣಿ ಮಾರಿದರೆ ಸಾಲ ತೀರಿ ಊರಿನ ಟಿಕೆಟ್ಟಿಗೂ ಆಗುತ್ತಿತ್ತು. ಗಿರಾಕಿಯೂ ಸಿಕ್ಕಿದ್ದರು. ಆದರೆ ಗಿರಾಕಿಯ ಕಡೆಯ ಸರ್ವೇಯರ್ ಟಾರ್ಚ್ ಬಿಟ್ಟು ನೋಡಿ ಒಂದೇ ಸಾಲು ಬರೆದ: ಸೀಲಿನ ರಬ್ಬರ್ ಬಿರುಕು ಬಿಟ್ಟಿದೆ, ಬದಲಿಸದೆ ಕೊಳ್ಳಬೇಡಿ. ಆರು ವರ್ಷಕ್ಕೊಮ್ಮೆ ಬದಲಿಸಬೇಕಾದದ್ದು ಹನ್ನೆರಡು ವರ್ಷ ಬಾಳಿತ್ತು. ಮೆಕ್ಯಾನಿಕ್ ಕೇಳಿದ ಕೂಲಿ ನಮ್ಮ ಕೈಮೀರಿದ್ದು. ಯಾರ್ಡಿನಲ್ಲಿ ಸಿಕ್ಕಿದ್ದು ನಾಲ್ಕು ದಿನ.

ನನ್ನನ್ನು ಕರೆದದ್ದು ಗೆಳೆತನಕ್ಕಿಂತ ಹೆಚ್ಚಾಗಿ ನನ್ನ ಸಣ್ಣ ಕೈಗಳಿಗಾಗಿ. ಆ ಸೀಲ್ ಇರುವ ಮೂಲೆಗೆ ಅವನ ಭುಜವೇ ಹೋಗುತ್ತಿರಲಿಲ್ಲ.

ಗಂಗೊಳ್ಳಿಯಲ್ಲಿ ನನ್ನ ಸೋದರಮಾವನಿಗೆ ಬೋಟಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳ ರಿಪೇರಿ ನಡೆಯುವುದು ಆಗಲೇ. ಮಾವ ಇಡೀ ದಿನ ಬೋಟಿನ ಅಡಿಯಲ್ಲೇ ಇರುತ್ತಿದ್ದ. ನಾವು ಹುಡುಗಿಯರು ಕೆಳಗೆ ನಿಂತು ಚಾ ಕೊಡುವವರು. ನಮ್ಮ ಮನೆಯ ಹೆಣ್ಣುಮಕ್ಕಳು ಬೋಟ್ ಹತ್ತುತ್ತಿರಲಿಲ್ಲ. ಯಾಕೆ ಎಂದು ನಾನು ಕೇಳಿದ್ದು ಒಮ್ಮೆ, ಉತ್ತರ ಸಿಗಲಿಲ್ಲ, ಮತ್ತೆ ಕೇಳಲಿಲ್ಲ. ಆದರೆ ಕೆಳಗೆ ನಿಂತವರಿಗೂ ಕಣ್ಣಿರುತ್ತದಲ್ಲ. ಮಾವ ಗ್ರೀಸ್ ಮೆತ್ತಿದ ಗ್ಲ್ಯಾಂಡ್ ಹಗ್ಗವನ್ನು ಉಂಗುರ ಉಂಗುರವಾಗಿ ಕತ್ತರಿಸಿ ಶಾಫ್ಟಿನ ಸುತ್ತ ತುಂಬುವುದು, ಒಂದರ ಬಾಯಿ ಇನ್ನೊಂದರ ಬಾಯಿಯ ಮೇಲೆ ಬರದ ಹಾಗೆ ತಿರುಗಿಸಿ ಇಡುವುದು ನನಗೆ ನೆನಪಿತ್ತು.

ಸೌತಾಂಪ್ಟನ್ನಿನಲ್ಲಿ ಭರತ ಒಮ್ಮೆ ಏರಿ, ತುಸು ಇಳಿದಂತೆ ಮಾಡಿ, ಮತ್ತೆ ಏರುತ್ತದೆ. ಆ ಬಿಡುವಿನಲ್ಲಿ ದೊಡ್ಡ ಕ್ರೇನು ಎರಡು ಅಗಲ ಪಟ್ಟಿಗಳಲ್ಲಿ ದೋಣಿಯನ್ನು ತೊಟ್ಟಿಲಿನ ಹಾಗೆ ಎತ್ತಿ ತಂದು ನೆಲದ ಮೇಲೆ ಆನಿಸಿಟ್ಟಿತು. ಪಾಚಿ, ಚಿಪ್ಪು, ನೀರಿಳಿಯುವ ಸದ್ದು. ನೀರಿನಲ್ಲಿ ಅಷ್ಟು ಚಂದ ಕಾಣುತ್ತಿದ್ದದ್ದು ನೆಲದ ಮೇಲೆ ಆಸ್ಪತ್ರೆಯ ಮಂಚದಲ್ಲಿ ಕೂತವರಂತೆ ಕಂಡಿತು.

ಸೀಲ್ ಬದಲಿಸುವುದು ಅರ್ಧ ಗಂಟೆಯ ಕೆಲಸ. ಅಲ್ಲಿಗೆ ತಲುಪಲು ಎರಡು ದಿನ. ಹಳೆಯದನ್ನು ಹೊಸದಕ್ಕೆ ಬದಲಿಸಬೇಕಾದರೆ ಶಾಫ್ಟಿನ ಒಳತುದಿಯಿಂದಲೇ ತೂರಿಸಬೇಕು. ಆ ತುದಿಯಲ್ಲಿ ಗೇರ್‌ಬಾಕ್ಸಿಗೆ ಸೇರಿಸುವ ಕಪ್ಲಿಂಗ್ ತುಕ್ಕು ಹಿಡಿದು ಶಾಫ್ಟಿನ ಜೊತೆ ಒಂದೇ ಲೋಹವಾಗಿತ್ತು. ಬೋಲ್ಟ್ ಬಿಚ್ಚಿ ಶಾಫ್ಟನ್ನು ಹಿಂದಕ್ಕೆ ಸರಿಸಿದೆವು. ಶಾಫ್ಟಿನ ತುದಿಗೂ ಗೇರ್‌ಬಾಕ್ಸಿಗೂ ನಡುವೆ ಶಾಫ್ಟಿಗಿಂತ ಸಣ್ಣದಾದ ಸ್ಪ್ಯಾನರ್ ಸಾಕೆಟ್ ಒಂದನ್ನು ಇಟ್ಟು, ಉದ್ದನೆಯ ಬೋಲ್ಟುಗಳಿಂದ ಕಪ್ಲಿಂಗನ್ನು ಗೇರ್‌ಬಾಕ್ಸಿನತ್ತ ಎಳೆದೆವು. ಬೋಲ್ಟ್ ಬಿಗಿದಂತೆ ಸಾಕೆಟ್ಟು ಶಾಫ್ಟನ್ನು ಹಿಂದಕ್ಕೆ ದೂಡಬೇಕು. ದೂಡಲಿಲ್ಲ. ಇನ್ನೂ ಬಿಗಿದರೆ ಗೇರ್‌ಬಾಕ್ಸೇ ಹೋದೀತೆಂದು ಗೆಳೆಯ ಸ್ಪ್ಯಾನರ್ ಕೆಳಗಿಟ್ಟು, ‘ಇದು ನನ್ನನ್ನು ಈ ದೇಶದಲ್ಲೇ ಕೊಳೆಸುತ್ತದೆ’ ಅಂದ. ನಗಲಿಲ್ಲ.

ಆಗ ಊರಿಗೆ ವಿಡಿಯೋ ಕರೆ ಮಾಡಿದೆ. ಅಲ್ಲಿ ಮಳೆ, ಟಾರ್ಪಾಲಿನ ಸದ್ದಿನಲ್ಲಿ ಮಾವನ ಮಾತು ಅರ್ಧ ಕೇಳುತ್ತಿತ್ತು. ಡಬ್ಬಿಯಂಥ ಜಾಗದಲ್ಲಿ ಮೊಣಕೈವರೆಗೆ ಗ್ರೀಸ್ ಬಳಿದುಕೊಂಡು ಕೂತ ಸೊಸೆಯನ್ನು ಕಂಡು ಸ್ವಲ್ಪ ಹೊತ್ತು ಸುಮ್ಮನಿದ್ದ. ಬೈಯುತ್ತಾನೇನೋ ಅಂದುಕೊಂಡೆ.

‘ನಾಕ್ ಬೋಲ್ಟೂ ಒಂದೇ ಸಮ ಬಿಗಿ ಮಾಡ್. ಸುತ್ತ ಎಣ್ಣೆ ಬಿಡ್, ಸಣ್ಣಕೆ ಬಡಿ. ಮತ್ತೆ ಹಾಂಗೇ ಬಿಟ್ಟ್ ಹೋಯಿ ಚಾ ಕುಡ್ಕಂಡ್ ಬಾ.’

‘ಚಾ ಕುಡಿದ್ರೆ ಬಿಡ್ತದಾ ಮಾವಾ?’

‘ನೀ ಕಣ್ಣ್ ಬಿಟ್ಕಂಡ್ ಕೂತ್ರೆ ಬಿಡುದಿಲ್ಲೆ.’

ಗೆಳೆಯನಿಗೆ ಅನುವಾದಿಸಿದೆ. ಅವನ ಅಜ್ಜನೂ ಹೀಗೇ ಹೇಳುತ್ತಿದ್ದನಂತೆ. ಎಣ್ಣೆ ಬಿಟ್ಟು, ಬಿಗಿದು, ಬಡಿದು ಮನೆಗೆ ಹೋದೆವು. ಮರುದಿನ ಬೆಳಗ್ಗೆ ನಾನು ಬೋಲ್ಟಿಗೆ ಕಾಲು ಸುತ್ತು ಕೊಟ್ಟದ್ದೇ ಪಟಾಕಿ ಸಿಡಿದಂತೆ ಸದ್ದಾಯಿತು; ಕಪ್ಲಿಂಗ್ ಬಿಟ್ಟುಕೊಂಡಿತ್ತು. ಗೆಳೆಯ ಸ್ಪ್ಯಾನಿಷ್‌ನಲ್ಲಿ ಏನೋ ಕೂಗಿದ. ಅದು ಅನುವಾದಿಸುವಂಥದ್ದಲ್ಲ.

ಹೊಸ ಸೀಲಿನಲ್ಲಿ ಹಗ್ಗ ಇಲ್ಲ. ಹಾರ್ಮೋನಿಯಮ್ಮಿನ ತಿದಿಯಂಥ ರಬ್ಬರ್ ಕೊಳವೆ, ಅದರ ಮುಂದೆ ಕಾರ್ಬನ್ ಉಂಗುರ, ಅದಕ್ಕೆ ಮುಖ ಒತ್ತಿ ಶಾಫ್ಟಿನ ಜೊತೆ ತಿರುಗುವ ಸ್ಟೀಲ್ ಉಂಗುರ. ನೀರನ್ನು ತಡೆಯುವುದು ಆ ಎರಡು ನುಣುಪು ಮುಖಗಳ ಒತ್ತಡ, ಅಷ್ಟೇ. ರಬ್ಬರಿಗೆ ಎಣ್ಣೆ ತಾಗಿಸಬಾರದು, ಸೋಪುನೀರು ಸವರಿ ತೂರಿಸಬೇಕು. ಮುಖಗಳಿಗೆ ಬೆರಳಿನ ಜಿಡ್ಡೂ ತಾಗಬಾರದು. ನಮ್ಮ 25 ಮಿಲಿಮೀಟರ್ ಶಾಫ್ಟಿಗೆ ರಬ್ಬರನ್ನು ಸುಮಾರು 2 ಸೆಂಟಿಮೀಟರ್ ಅದುಮಿ ಸ್ಟೀಲ್ ಉಂಗುರವನ್ನು ಸ್ಕ್ರೂ ಹಾಕಿ ಕಚ್ಚಿಸಿದೆವು. ಒಂದೊಂದು ತೂತಿಗೆ ಎರಡು ಸ್ಕ್ರೂ: ಮೊದಲಿನದು ಶಾಫ್ಟನ್ನು ಹಿಡಿಯುತ್ತದೆ, ಎರಡನೆಯದು ಮೊದಲಿನದನ್ನು. ಒಮ್ಮೆ ಬಳಸಿದ ಸ್ಕ್ರೂ ಮತ್ತೆ ಬಳಸುವಂತಿಲ್ಲ.

ಹೊರಗೆ ಶಾಫ್ಟನ್ನು ಹೊತ್ತ ಬೇರಿಂಗನ್ನೂ ಅಲುಗಾಡಿಸಿ ನೋಡಿದೆವು, ಗಟ್ಟಿ ಇತ್ತು. ಗೀರುಗಳಿರುವ ರಬ್ಬರ್ ಅದು, ಸಮುದ್ರದ ನೀರೇ ಅದಕ್ಕೆ ಎಣ್ಣೆ. ಉಗಿಹಡಗುಗಳ ಕಾಲದಲ್ಲಿ ಈ ಜಾಗದ ಲೋಹ ಬೇಗ ಸವೆದು ದೊಡ್ಡ ತಲೆನೋವಾಗಿತ್ತು. 1854ರಲ್ಲಿ ಜಾನ್ ಪೆನ್ ಎಂಬ ಇಂಗ್ಲಿಷ್ ಇಂಜಿನಿಯರ್ ಲಿಗ್ನಮ್ ವಿಟೇ ಎಂಬ ಮರದ ಪಟ್ಟಿಗಳನ್ನು ಜೋಡಿಸಿ ಅದನ್ನು ಬಗೆಹರಿಸಿದ. ನೀರಿನಲ್ಲಿ ಮುಳುಗುವಷ್ಟು ಭಾರದ ಮರ, ಒಳಗೇ ಎಣ್ಣೆಯಂಥ ಅಂಟು. ಉಕ್ಕನ್ನು ಮರ ಕಾಪಾಡಿತು ಅನ್ನುವುದು ನನಗೆ ಯಾಕೋ ಬಹಳ ಇಷ್ಟವಾದ ಸಂಗತಿ.

ನಾಲ್ಕನೇ ದಿನ ದೋಣಿ ನೀರಿಗಿಳಿಯಿತು. ಪಟ್ಟಿ ಬಿಚ್ಚುವ ಮೊದಲು ಐದು ನಿಮಿಷ ಕೊಡುತ್ತಾರೆ. ಸೋರಿದರೆ ಆಗಲೇ ಎತ್ತಬೇಕು. ನಾನು ಒಳಗೆ ಮಂಡಿಯೂರಿ ಕೂತಿದ್ದೆ. ಸೀಲಿನೊಳಗೆ ಸಿಕ್ಕಿಕೊಂಡ ಗಾಳಿ ಹೋಗದಿದ್ದರೆ ಮುಖಗಳು ನೀರಿಲ್ಲದೆ ಒಣಗಿ ಸುಡುತ್ತವೆ. ಅದಕ್ಕೆ ಕಾರ್ಬನ್ ಉಂಗುರವನ್ನು ಕೈಯಾರೆ ಹಿಂದಕ್ಕೆ ಎಳೆದು ಸಮುದ್ರವನ್ನು ಒಳಗೆ ಕರೆಯಬೇಕು. ಎಳೆದೆ. ಮೊದಲು ಉಸಿರಿನಂಥ ಸದ್ದು, ಆಮೇಲೆ ತಣ್ಣನೆಯ ನೀರು ಅಂಗೈ ಮೇಲೆ ಚಿಮ್ಮಿತು. ಬಿಟ್ಟೆ. ನಿಂತಿತು. ಕೆಳಗೆ ಹಾಸಿದ ಟಿಶ್ಯೂ ಕಾಗದವನ್ನೇ ನೋಡುತ್ತಾ ಇದ್ದೆವು. ಗೆಳೆಯ ಬೆರಳಿನಿಂದ ಅದನ್ನು ಮತ್ತೆ ಮತ್ತೆ ಮುಟ್ಟಿ ನೋಡಿದ. ಒಣಗಿತ್ತು. ಮೇಲಿನಿಂದ ಕ್ರೇನಿನವನು ‘ಏನಾಯ್ತು?’ ಎಂದು ಕೂಗಿದಾಗ ಗೆಳೆಯನ ದನಿಯೇ ಹೊರಡಲಿಲ್ಲ; ನಾನೇ ಉತ್ತರಿಸಿದೆ.

ನೀರಿನಲ್ಲಿ ದೋಣಿಯ ಮೈ ತುಸು ಬಾಗುತ್ತದೆ, ಹಾಗಾಗಿ ಒಂದು ರಾತ್ರಿ ಬಿಟ್ಟು ಇಂಜಿನ್ನಿನ ಜೋಡಣೆಯನ್ನು ಮತ್ತೆ ಅಳೆದು ಸರಿಮಾಡಿದೆವು. ಮುಂದಿನ ವಾರ ಗಿರಾಕಿ ಬಂದರು, ದುಡ್ಡು ಕೊಟ್ಟರು. ಲ್ಯಾಬಿನ ಮೇಜು ಖಾಲಿ ಮಾಡಿ ಗೆಳೆಯ ಹೊರಟುಹೋದ. ನನ್ನ ಫೆಲೋಶಿಪ್ಪಿಗೆ ಇನ್ನು ಏಳು ತಿಂಗಳಿದೆ.

ಮಾವನಿಗೆ ಫೋನು ಮಾಡಿ ಹೇಳಿದೆ, ಒಂದು ಹನಿಯೂ ಬೀಳುತ್ತಿಲ್ಲ ಎಂದು. ಅವನಿಗೆ ಸಮಾಧಾನವಾಗಲಿಲ್ಲ.

‘ಹನಿ ಬೀಳ್ಕ್ ಮಗಾ. ಬೀಳ್ದಿರೆ ಶಾಫ್ಟ್ ಕಾಯ್ತ್.’

ಇದು ಬೇರೆ ಥರದ್ದು ಮಾವ, ಹಗ್ಗದ್ದಲ್ಲ ಎಂದು ವಿವರಿಸಿದೆ. ಬೆಲೆ ಕೇಳಿದ. 250 ಪೌಂಡ್ ಎಂದು, ರೂಪಾಯಿಯಲ್ಲಿ ಎಷ್ಟಾಗುತ್ತದೆ ಎಂದೂ ಹೇಳಿದೆ. ಅಷ್ಟು ದುಡ್ಡಿಗೆ ಇಡೀ ಗಂಗೊಳ್ಳಿಗೆ ಗ್ಲ್ಯಾಂಡ್ ಹಗ್ಗ ತರಬಹುದಿತ್ತು ಎಂದು ಗೊಣಗಿದ. ಆಮೇಲೆ ಮಳೆಯ ಸದ್ದಷ್ಟೇ ಕೇಳಿಸಿತು, ಕರೆ ಕಡಿದುಹೋಯಿತೇನೋ ಅಂದುಕೊಂಡೆ.

‘ಆಗಸ್ಟಿಗೆ ಬಪ್ದಾರೆ ಹೇಳ್,’ ಅಂದ. ‘ಬೋಟ್ ಇಳ್ಸುವತಿಗೆ ಒಳ್ಗ್ ಕೂಕಂಡ್ ಕಾಂಬುಕೆ ಒಂದ್ ಜನ ಬೇಕ್.’